ಮೈದಾನದಲ್ಲಿಲ್ಲದ ಹೊಂಗೆ ಮರ

ಜರಗನಹಳ್ಳಿ
23 ಫೆಬ್ರವರಿ 2025

ಶ್ರೀಮದ್ ಬಾಸ್ ಡ್ರಂ ಧುರಂಧರ, ಶ್ರೀನಗರ ಸಂಸ್ಥಾನಾಧೀಶ್ವರ, ನನಗಿಂತ ಮೂರು ತಿಂಗಳು ಕಿರಿಯನಾದ ಕಾರಣ ಚಿರಂಜೀವಿಯೂ ಆದ ರೇವಂತನಿಗೆ ಚಿಕ್ಕಪ್ಪನ ಮಗ ಮನು ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನೀನೂ ಕ್ಷೇಮವಾಗಿದ್ದೀಯ ಎಂದು ನಂಬಲು ನನ್ನ ಬಳಿ ಸಾಕ್ಷಿ ಇದೆ. ಅದನ್ನು ಕೊನೆಯಲ್ಲಿ ಮಂಡಿಸುತ್ತೇನೆ.

ಪತ್ರ ತಡವಾಯಿತು, ಮನ್ನಿಸು. ನೀನು ನಂಬರ್ ಬದಲಾಯಿಸಿದೆ. ನಿಮ್ಮಪ್ಪ ಮಧ್ಯಾಹ್ನ ಮಲಗಿದಾಗ ದೊಡ್ಡಮ್ಮ ಅಜ್ಜಿಗೆ ಕದ್ದು ಫೋನ್ ಮಾಡುತ್ತಾರಲ್ಲ, ಆಗ ಕೇಳಿದರೆ, "ನಂಬರ್ ಮಾತ್ರ ಕೊಡ್ಬೇಡ ಅಂದವ್ನೆ ಕಣಪ್ಪ, ಅಡ್ರೆಸ್ ಬರ್ಕೋ" ಎಂದರು. ಅಡ್ರೆಸ್ ಸಿಕ್ಕಿತು, ಆದರೆ ಟಪಾಲು ಡಬ್ಬಿ ಸಿಗಲಿಲ್ಲ. ಕನಕಪುರ ರಸ್ತೆಯುದ್ದಕ್ಕೂ ಕೇಳಿಕೊಂಡು ಹೋದೆ. ಒಬ್ಬ ಅಂಕಲ್ ನನ್ನನ್ನು ಕರುಣೆಯಿಂದ ನೋಡಿ, "ಲವ್ ಫೇಲ್ಯೂರಾ?" ಎಂದರು. ಹೌದೆಂದೆ. ಕೂಡಲೇ ದಾರಿ ತೋರಿಸಿದರು.

ಲಕೋಟೆಯ ಮೇಲೆ 'ಕೂದಲು ಉದುರುವಿಕೆ ತಡೆ ಶಿಬಿರ' ಎಂದು ಬರೆದಿರುವುದಕ್ಕೆ ಹೆದರಬೇಡ. ವಧೂವರರ ಕೇಂದ್ರ ಎಂದು ಬರೆದಿದ್ದರೆ ದೊಡ್ಡಮ್ಮ ಒಡೆಯುತ್ತಿದ್ದರು. ನನ್ನ ಹೆಸರು ಬರೆದಿದ್ದರೆ ದೊಡ್ಡಪ್ಪ ಹರಿಯುತ್ತಿದ್ದರು. ಕೂದಲ ವಿಷಯವಾದರೆ ದೊಡ್ಡಪ್ಪನಿಗೆ ಇನ್ನು ಅದರಿಂದ ಪ್ರಯೋಜನವಿಲ್ಲ, ಹಾಗೇ ನಿನಗೆ ಕೊಡುತ್ತಾರೆ.

ಈಗ ವರದಿ. ಜಯನಗರದ ಮೈದಾನದಲ್ಲಿ ಹಳೆಯ ವಿದ್ಯಾರ್ಥಿಗಳ ಬ್ಯಾಂಡ್ ಸ್ಪರ್ಧೆ ನಡೆಯಿತು. ನಮ್ಮ ಸ್ಕೂಲಿನ ಬ್ಯಾಂಡಿನವರೆಲ್ಲ ಮತ್ತೆ ಸೇರಿದೆವು. ಎಲ್ಲರೂ ಎಂದರೆ ಒಬ್ಬನನ್ನು ಬಿಟ್ಟು. ಜಯಸಿಂಹ ಮೇಷ್ಟ್ರು ನಿವೃತ್ತರಾದರೂ ಅದೇ ವಿಷಲ್, ಅದೇ ಗಂಟಲು. ನಮ್ಮನ್ನು ಸಾಲಾಗಿ ನಿಲ್ಲಿಸಿ ಅಡಿಯಿಂದ ಮುಡಿವರೆಗೆ ನೋಡಿ, "ಹೊಟ್ಟೆ ಒಳಗೆ, ಡ್ರಮ್ಮು ಹೊರಗೆ. ಎರಡೂ ಒಂದೇ ಸೈಜಾಗೋಗವೆ, ಯಾವುದನ್ನ ಬಾರಿಸ್ತಿದ್ದೀರ ಗೊತ್ತಾಗ್ಬೇಕಲ್ರೋ" ಎಂದರು. ತಾಳದ ಶ್ವೇತ ಮಗು ಸಮೇತ ಬಂದಿದ್ದಳು. ಅವಳು ತಾಳ ಬಡಿಯುವಾಗೆಲ್ಲ ಅದು ನಿದ್ದೆ ಮಾಡುತ್ತದೆ, ನಿಲ್ಲಿಸಿದರೆ ಅಳುತ್ತದೆ. ಹೀಗಾಗಿ ಅಭ್ಯಾಸಕ್ಕೆ ವಿರಾಮವೇ ಇಲ್ಲದಂತಾಯಿತು.

ಅಭ್ಯಾಸ ನಮ್ಮ ಸ್ಕೂಲ್ ಗ್ರೌಂಡಿನಲ್ಲೇ. ನಡುಮಧ್ಯದ ಹೊಂಗೆ ಮರ ಈಗಲೂ ಇದೆ. ಡ್ರಮ್ಮುಗಳ ಎರಡನೇ ರೋಲ್ ಮುಗಿಯುವ ಹೊತ್ತಿಗೆ ಮರ ಎದುರಾಗಬೇಕು, ಅರ್ಧ ಸಾಲು ಎಡಕ್ಕೆ, ಅರ್ಧ ಸಾಲು ಬಲಕ್ಕೆ ಹೋಗಿ ಮರದಾಚೆ ಕೂಡಿಕೊಳ್ಳಬೇಕು. ಆ ಡ್ರಮ್ಮಿನ ಹಿಂದೆ ನಿನಗೆ ಮರ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಸೈಡ್ ಡ್ರಂ ಹಿಡಿದ ನಾನು ಮೊಣಕೈಯಲ್ಲಿ ತಿವಿದರೆ ನೀನು ಎಡಕ್ಕೆ ತಿರುಗುತ್ತಿದ್ದೆ. ಒಮ್ಮೆ ಮರ ಬರುವ ಮೊದಲೇ ತಿವಿದು ನಿನ್ನನ್ನು ನೀರಿನ ತೊಟ್ಟಿಗೆ ಕಳಿಸಿದ್ದು ಇತಿಹಾಸದಲ್ಲಿ ದಾಖಲಾಗಿದೆ. ನೀನು ತೊಟ್ಟಿಯಲ್ಲಿ ನಿಂತೂ ಏಟು ತಪ್ಪಿಸಲಿಲ್ಲ ಎಂಬುದೂ ದಾಖಲಾಗಿದೆ.

ಈ ಸಲ ಅಭ್ಯಾಸದಲ್ಲಿ ಆ ಡ್ರಮ್ಮನ್ನು ಯಾರೂ ಮುಟ್ಟಲಿಲ್ಲ. ಸ್ಪರ್ಧೆಯ ಸುದ್ದಿಯನ್ನು ಅಜ್ಜಿ ಫೋನಿನಲ್ಲಿ ದೊಡ್ಡಮ್ಮನ ಕಿವಿಗೆ ಹಾಕಿದ್ದಳಲ್ಲ. "ಬಾಸ್ ಡ್ರಂ ಎಲ್ಲಿ?" ಎಂದು ಮೇಷ್ಟ್ರು ದಿನಾ ಕೇಳುವುದು, "ಬರ್ತಾನೆ ಸಾರ್" ಎಂದು ನಾನು ದಿನಾ ಹೇಳುವುದು. ಭುಜದ ಬೆಲ್ಟನ್ನು ನಿನ್ನ ಅಳತೆಗೇ ಬಿಟ್ಟಿದ್ದೆ. ಸ್ಪರ್ಧೆಯ ಬೆಳಿಗ್ಗೆ ಮೇಷ್ಟ್ರು ಕಡೆಯ ಬಾರಿ ಕೇಳಿದರು. ನಾನು ಗೇಟಿನ ಕಡೆ ನೋಡಿದೆ. "ಗೇಟು ಡ್ರಂ ಬಾರಿಸಲ್ಲ ಕಣೋ" ಎಂದರು.

ಹಾಗಾಗಿ ನಮ್ಮ ಮಹಡಿ ಬಾಡಿಗೆಯ ಹಣಮಪ್ಪನನ್ನು ಹಾಸಿಗೆಯಿಂದ ಎಬ್ಬಿಸಿ ತಂದೆ. ಕೊಪ್ಪಳದ ಕಡೆಯವನು, ಬಿ.ಟಿ.ಎಂ.ನಲ್ಲಿ ಕೆಲಸ, ಊರಲ್ಲಿ ಡೊಳ್ಳು ಬಾರಿಸುತ್ತಿದ್ದವನು. ಹಳೆಯ ವಿದ್ಯಾರ್ಥಿ ಹೌದೇ ಎಂದು ನೀನು ಕೇಳಬಹುದು. ಯಾವುದೋ ಸ್ಕೂಲಿನ ಹಳೆಯ ವಿದ್ಯಾರ್ಥಿ ಹೌದು. ಟೆರೇಸಿನ ಮೇಲೆ ನಿಲ್ಲಿಸಿ ಪಾಠ ಹೇಳಿದೆ:

"ಎಡಗಾಲಿಗೊಂದು ಏಟು. ಅಷ್ಟೇ."

"ಅಷ್ಟನ?"

"ಅಷ್ಟೇ."

"ಅಷ್ಟಕ್ಕ ಇಷ್ಟು ದೊಡ್ಡ ವಾದ್ಯ ಯಾಕ್ ಬೇಕಿತ್ರಿ?"

ಇಷ್ಟೆಲ್ಲ ಹೇಳಿದವನು ಮರದ ವಿಷಯವನ್ನು ಹೇಳಲಿಲ್ಲ. ಹೇಳುವುದೇನಿದೆ? ಜಯನಗರದ ಮೈದಾನದಲ್ಲಿ ಮರವೇ ಇಲ್ಲ. ಅಂಗೈಯಷ್ಟು ಸಪಾಟು.

ನಮ್ಮ ಸರದಿ ಬಂತು. ವಿಷಲ್ ಆಯಿತು. ಹಣಮಪ್ಪ ಎಡಗಾಲಿಗೊಂದು ಏಟು ಕೊಡುತ್ತ ಗಂಭೀರವಾಗಿ ನಡೆದ. ಮೊದಲ ರೋಲ್ ಸಖತ್ತಾಗಿ ಬಂತು. ಎರಡನೆಯದು ಮುಗಿಯುತ್ತಾ ಬಂತು. ಆಗ, ರೇವಂತ, ನನ್ನ ಅನುಮತಿಯಿಲ್ಲದೆ ನನ್ನ ಮೊಣಕೈ ತಾನೇ ಹೋಗಿ ಹಣಮಪ್ಪನ ಪಕ್ಕೆಗೆ ತಿವಿಯಿತು.

ತಿವಿದರೆ ಅವರ ಊರಲ್ಲಿ ನಿಲ್ಲು ಎಂದು ಅರ್ಥವಂತೆ. ನಿಂತ. ಬಾರಿಸುವುದನ್ನು ನಿಲ್ಲಿಸಬೇಕೆಂದು ಯಾರೂ ಹೇಳಿರಲಿಲ್ಲವಾದ್ದರಿಂದ ನಿಂತಲ್ಲೇ ಬಾರಿಸಿದ. ಇತ್ತ ನಮ್ಮ ಅಷ್ಟೂ ಜನರ ಕಾಲುಗಳು ಎರಡನೇ ರೋಲ್ ಮುಗಿದದ್ದೇ ತಡ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ ಸೀಳಿಕೊಂಡವು. ಒಬ್ಬರೂ ಅನುಮಾನಿಸಲಿಲ್ಲ. ಹಣಮಪ್ಪನನ್ನು ಬಳಸಿಕೊಂಡು ಹೋಗಿ ಅವನಾಚೆ ಶಿಸ್ತಾಗಿ ಕೂಡಿಕೊಂಡೆವು. ಇಡೀ ಮೈದಾನದ ನಡುವೆ ಅವನೊಬ್ಬನೇ ಮರ. ಮೇಷ್ಟ್ರ ಬಾಯಿಂದ ವಿಷಲ್ ಬಿತ್ತು. ಹಿಂದೆ ಕೇಳಿಸುತ್ತಿತ್ತು, "ನಾ ಬರ್ಲ್ಯಾ ಇಲ್ಲೇ ಇರ್ಲ್ಯಾ?"

ಮೀಸೆಯ ತೀರ್ಪುಗಾರರೊಬ್ಬರು ಎದ್ದು ಬಂದರು. ನಮ್ಮ ಕಥೆ ಮುಗಿಯಿತೆಂದುಕೊಂಡೆವು.

"ಈ ಫಾರ್ಮೇಶನ್‌ಗೆ ಏನು ಹೆಸರು?"

ಮೇಷ್ಟ್ರು ನನ್ನ ಮುಖ ನೋಡಿದರು. ಸ್ಕೂಲಿನಲ್ಲಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ ಪಾಪವೆಲ್ಲ ಆ ನೋಟದಲ್ಲಿ ತೊಳೆದುಹೋಯಿತು. "ವೃಕ್ಷ ಪ್ರದಕ್ಷಿಣೆ, ಸಾರ್" ಎಂದೆ. "ನಮ್ಮ ಸ್ಕೂಲಿನ ಪರಂಪರೆ."

ಉತ್ತಮ ವಿನ್ಯಾಸಕ್ಕಿಟ್ಟ ಬಹುಮಾನದ ಕಪ್ಪು ನಮಗೆ ಬಂತು. ಹಣಮಪ್ಪ ಮಾತ್ರ ಸಿಟ್ಟಿನಿಂದ, "ಮನುಷ್ಯಾನ್ನ ಕರ್ಕೊಂಬಂದು ಗಿಡ ಮಾಡಿ ನಿಲ್ಲಿಸಿದ್ರಲ್ರೀ" ಎಂದ. ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ಆದ ಮೇಲೆ, "ಮುಂದಿನ ವರ್ಷಾನೂ ನಾನ ಗಿಡ ಏನ್ರಿ?" ಎಂದು ವಿಚಾರಿಸಿದ. ನಾನು ಮಾತು ಕೊಡಲಿಲ್ಲ. ಆ ಜಾಗದ ಬೆಲ್ಟು ಬೇರೆಯವರ ಅಳತೆಗಿದೆ ಎಂದೆ.

ಮನೆಯ ಸುದ್ದಿ ಏನಿಲ್ಲ. ನಮ್ಮಪ್ಪ ನಿಮ್ಮಪ್ಪ ಯಾವ ಸಂದಿಗಾಗಿ ಕೋರ್ಟು ಹತ್ತಿದರೋ ಆ ಸಂದಿ ಎರಡು ಮನೆಗಳ ನಡುವೆ ಹಾಗೇ ಬಿದ್ದಿದೆ. ಬಾಸ್ ಡ್ರಮ್ಮನ್ನು ಅಡ್ಡ ಹಿಡಿದರೂ ತೂರದಷ್ಟು ಸಣ್ಣದು. ಸದ್ಯಕ್ಕೆ ಅದರ ಪೂರ್ಣ ಸ್ವಾಧೀನ ಒಂದು ಬೆಕ್ಕಿನದು. ಅದು ಯಾವ ವಕೀಲರನ್ನೂ ಇಟ್ಟಿಲ್ಲ. ನೀವು ಖಾಲಿ ಮಾಡಿ ಹೋದ ಮನೆಗೆ ನಿಮ್ಮಪ್ಪ ಹಾಕಿದ ಬೀಗ ತುಕ್ಕು ಹಿಡಿದಿದೆ.

ಹಿರಿಯನಾದ ನಾನು ಹರಸುವುದೇನೆಂದರೆ, ನಿನ್ನ ಎಡಗಾಲು ಎಂದೂ ಲೆಕ್ಕ ತಪ್ಪದಿರಲಿ, ನಿನ್ನ ಕೂದಲು ದೊಡ್ಡಪ್ಪನ ದಾರಿ ಹಿಡಿಯದಿರಲಿ, ನೀರಿನ ತೊಟ್ಟಿಗಳು ನಿನ್ನನ್ನು ಕಂಡು ದೂರ ಸರಿಯಲಿ.

ಇತಿ ನಿನ್ನ ಎಡವಟ್ಟು ಅಣ್ಣ,
ಮನು
(ಸೈಡ್ ಡ್ರಂ, ಬಲಗಡೆ)

ತಾ.ಕ.: ಸಾಕ್ಷಿ ಮಂಡಿಸುತ್ತೇನೆ ಎಂದಿದ್ದೆ. ಸ್ಪರ್ಧೆಗೆ ಅಜ್ಜಿಯೂ ಬಂದಿದ್ದಳು. ಬೇಲಿಯಾಚೆ ಸ್ಕೂಟರ್ ಮೇಲೆ ಹೆಲ್ಮೆಟ್ ತೆಗೆಯದೆ ಒಬ್ಬ ಕೂತಿದ್ದನಂತೆ. "ಮುಖ ಕಾಣ್ಲಿಲ್ಲ ಕಣ್ಲಾ, ಎಡಗಾಲು ನೆಲ ಕುಟ್ತಾ ಇತ್ತು. ನಮ್ ರೇವಂತನೇಯ" ಎಂದಳು. ನಾನು ಹಣಮಪ್ಪನನ್ನು ತಿವಿದೆನಲ್ಲ, ಆಗ ಆ ಹೆಲ್ಮೆಟ್ಟೂ ಎಡಕ್ಕೆ ವಾಲಿತಂತೆ. ಅವಳು ಕೈ ಎತ್ತಿ ಕರೆದಳು. ನೀನು ಗಾಜನ್ನೂ ಎತ್ತದೆ ಗಾಡಿ ತಿರುಗಿಸಿಕೊಂಡು ಹೋದೆ.

ಮನೆಗೆ ಬಂದು ಚಪ್ಪಲಿ ಬಿಡುತ್ತ ಅಜ್ಜಿ ಕೇಳಿದಳು, "ಅಲ್ಲ ಕಣ್ಲಾ ಮನು, ಆ ಕೇಸ್ನಾಗೆ ನಾನು ಯಾರ್ ಕಡೆಗ್ಲಾ?"

ಇದಕ್ಕೊಂದು ತಮಾಷೆ ಹುಡುಕಿದೆ, ಸಿಗಲಿಲ್ಲ. ನಿನಗೆ ಸಿಕ್ಕರೆ ನೀನೇ ಬಂದು ಅವಳಿಗೆ ಹೇಳು.