ಮೆಷೀನು ಓದದ ಸಾಲು

ಹರಿಹರ, ಸೋಮವಾರ

ಅಕ್ಕನ ಮಗಳು, ಮಹಾ ಮುಂಗೋಪಿ ರೂಪಶ್ರೀಗೆ ನಿನ್ನ ಮಾಮನ ಆಶೀರ್ವಾದ.

ಮೂರು ತಿಂಗಳಿಂದ ನೀನು ನನ್ನ ಫೋನು ಎತ್ತುತ್ತಿಲ್ಲ. ವಿದ್ಯಾನಗರದ ನಿಮ್ಮ ಮನೆಗೇ ಬಂದುಬಿಡೋಣವೆಂದು ಎರಡು ಸಲ ಸ್ಕೂಟರ್ ಹತ್ತಿ ಅರ್ಧ ದಾರಿಯಿಂದ ತಿರುಗಿದೆ. ಅದಕ್ಕೇ ಈ ಕಾಗದ. ಲೋಕಿಕೆರೆ ಶಾಲೆಯಲ್ಲಿ ನನ್ನಷ್ಟು ದುಂಡಗೆ ಬರೆಯುವವರು ಇನ್ನೊಬ್ಬರಿರಲಿಲ್ಲ.

ಆದರೆ ನಮ್ಮ ತಗಡು ಕತ್ತರಿಸುವ ಮೆಷೀನು ದುಂಡಗೆ ಬರೆಯುವುದನ್ನು ಮರೆತಿದೆ. ಶಿವಕುಮಾರನ ಮಂಡಕ್ಕಿ ಭಟ್ಟಿಗೆ ದುಂಡು ಮುಚ್ಚಳ ಬೇಕು. ಇದು ಕೋಳಿಮೊಟ್ಟೆಯ ಆಕಾರ ಕತ್ತರಿಸಿತು.

ತಪ್ಪು ನನ್ನದೇ. "ಈ ಮೆಷೀನಿನ ಸೆಟ್ಟಿಂಗು ಅಂದ್ರ ನನಗ ಎಲಿ ಅಡಿಕಿ ಹಾಕ್ಕಂಡಂಗ" ಎಂದು ಅವನ ಮುಂದೆ ಕೊಚ್ಚಿಕೊಂಡೆ. "ಹಂಗಾರ ತೋರ್ಸೋ ಮಾರಾಯ" ಎಂದ. ಕಂಪ್ಯೂಟರಿನಲ್ಲಿ ವಿಝಾರ್ಡ್ ಎಂಬ, ತಾನೇ ಸೆಟ್ಟಿಂಗು ಮಾಡಿಕೊಡುವ ಪ್ರೋಗ್ರಾಮು ತೆರೆದೆ. ಎಂಥ ಮರ್ಯಾದಸ್ಥ! ಹೆಣ್ಣು ನೋಡಲು ಬಂದವರಂತೆ ಒಂದೊಂದೇ ಪ್ರಶ್ನೆ ಕೇಳಿತು. ಉತ್ತರ ಹೇಳುತ್ತ ನೆಕ್ಸ್ಟ್, ನೆಕ್ಸ್ಟ್ ಒತ್ತಿದೆ. ಕೊನೆಗೆ ಮುಗಿಯಿತು ಎಂದಿತು. ಮುಗಿದೇ ಹೋಗಿತ್ತು. ನಾಲ್ಕು ಭಾನುವಾರ ಕೂತು, ಸವೆದ ಸ್ಕ್ರೂವಿನ ಸಡಿಲ ಅಳೆದು ನೀನು ಕೈಯಾರೆ ಫೈಲಿಗೆ ಬರೆದಿದ್ದ ಅಂಕಿಗಳನ್ನೆಲ್ಲ ಅಳಿಸಿ, ತನ್ನದನ್ನು ತುಂಬಿಕೊಂಡಿತ್ತು. ಸ್ಕ್ರೂ ಸವೆದಿದೆಯಾ ಎಂದು ಅದು ಕೇಳಲಿಲ್ಲ. ಗುಜರಿಯಿಂದ ತಂದದ್ದೆಂದು ನಾನೂ ಹೇಳಲಿಲ್ಲ, ಎದುರಿಗೆ ಗಿರಾಕಿ!

ಗಾಬರಿಯಲ್ಲಿ ಸ್ಪ್ಯಾನರ್ ಹಿಡಿದು ಆ ಸ್ಕ್ರೂವಿನ ನಟ್ಟು ಬಿಗಿದೆ. ಆಮೇಲೆ ನೆನಪಾಯಿತು, ನಿನ್ನ ಫೈಲನ್ನು ನಾನು ನೋಟ್‌ಬುಕ್ಕಿಗೆ ಕಾಪಿ ಬರೆದಿಟ್ಟಿದ್ದೆ. ಒಂದೊಂದೇ ಅಕ್ಷರ ಒತ್ತಿ ತುಂಬಿದೆ. ಈಗ ಸಡಿಲಕ್ಕೆಂದು ಬರೆದ ನಿನ್ನ ಅಂಕಿ ನನ್ನ ಬಿಗಿಗೆ ಕೂಡುತ್ತಿಲ್ಲ. ಮೊದಲು ಮೊಟ್ಟೆ, ಈಗ ಬದನೆಕಾಯಿ. ಅಂಕಿ ತಿದ್ದಲೋ, ನಟ್ಟು ಸಡಿಲಿಸಲೋ, ಮತ್ತೆ ಆ ಮರ್ಯಾದಸ್ಥನನ್ನೇ ಕೇಳಲೋ, ಒಂದೂ ತಿಳಿಯದಾಗಿದೆ.

ಆ ಸಡಿಲವನ್ನು ಹೊಸದಾಗಿ ಅಳೆಯುವುದು ಹೇಗೆಂದು ನೀನು # ಗುರುತು ಹಾಕಿದ ಸಾಲುಗಳಲ್ಲಿ ಕನ್ನಡದಲ್ಲೇ ಬರೆದಿದ್ದೆ. "ಈ ಸಾಲು ಮೆಷೀನು ಓದಲ್ಲ ಮಾಮ" ಎಂದೂ ಹೇಳಿದ್ದೆ. ಮೆಷೀನೇ ಓದದ್ದು ನನಗ್ಯಾಕೆಂದು ಅವನ್ನು ಮಾತ್ರ ಕಾಪಿ ಮಾಡಲಿಲ್ಲ. ನೀನು ಅವನ್ನು ಯಾರಿಗಾಗಿ ಬರೆದಿದ್ದೆ ಎಂಬುದು ಈಗ ಹೊಳೆಯಿತು.

ಅವತ್ತು ನೀನು ಗ್ರೀಸು ಮೆತ್ತಿದ ಕೈಯಲ್ಲಿ ಪಕ್ಕದಲ್ಲೇ ನಿಂತಿದ್ದಾಗ, "ಎಲ್ಲಾ ನಂದೇ ಕೈಚಳಕ" ಎಂದು ಗಿರಾಕಿಗಳಿಗೆ ಹೇಳಿದೆನಲ್ಲ, ನೀನು ಕೈ ತೊಳೆದುಕೊಂಡು ಹೋದವಳು ಮತ್ತೆ ಬರಲಿಲ್ಲ. ಶಿವಕುಮಾರನಿಗೆ ನಿನ್ನೆ ನಿಜ ಹೇಳಿದೆ. "ಅದು ನನಗ ಮೊದ್ಲೇ ಗೊತ್ತೈತಿ ಬಿಡು" ಎಂದ.

ಭಾನುವಾರ ಬಾ. ನಿನ್ನ ಅಳತೆ ಎಂದೂ ತಪ್ಪದಿರಲಿ, ನೂರು ವರ್ಷ ಸುಖವಾಗಿರು.

ಇಂತಿ ನಿನ್ನ ಬಡಾಯಿ ಮಾಮ,
ಕರಿಬಸವರಾಜ

# ತಪ್ಪಾಯಿತು ತಾಯಿ. ಈ ಸಾಲು ನಿನಗೆ.