ಗುಬ್ಬಿಯ ಬರಹದ ಕೆಳಗಿನ ಜಾಹೀರಾತು

ಶಾಲೆಯ ಸ್ಟಾಫ್ ರೂಮು,
ಮಾರ್ಚ್ ೧೪

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಶಾಖಕ್ಕೆ ಕಣ್ಣುರಿ ಎಂದಿದ್ದೆಯಲ್ಲ, ಕಡಿಮೆಯಾಯಿತೇ? ಔಷಧಿಯೆಂದರೆ ನೀನು ಚಿಕ್ಕಂದಿನಿಂದಲೂ ತಪ್ಪಿಸಿಕೊಳ್ಳುವವನು. ನಿನ್ನ ಮಗಳು ಗುಬ್ಬಿ ಊಟ ಮಾಡುತ್ತಾಳೆ, ನನ್ನ ಜೊತೆಯೇ ಶಾಲೆಗೆ ಬರುತ್ತಾಳೆ. ಚೆನ್ನಾಗಿದ್ದಾಳೆ ಎಂದು ಬರೆಯಲು ಕೈ ಬರುತ್ತಿಲ್ಲ.

ನಮ್ಮ ತರಗತಿಯ ಬ್ಲಾಗನ್ನು ನೀನು ತಪ್ಪದೆ ಓದುತ್ತೀಯ. ಮಕ್ಕಳು ಬರೆಯುತ್ತಿದ್ದರು, ನಾನು ತಿದ್ದಿ ಹಾಕುತ್ತಿದ್ದೆ, ಓದುವವರು ಅವರವರ ಅಪ್ಪ ಅಮ್ಮಂದಿರು ಅಷ್ಟೆ. ಜಾಹೀರಾತು ಹಾಕಿದರೆ ಆ ದುಡ್ಡಿನಲ್ಲಿ ಲೈಬ್ರರಿಗೆ ಪುಸ್ತಕ ಬರುತ್ತದೆ ಎಂದವಳು ನಾನೇ. ಹೆಡ್‌ಮಾಸ್ಟರು, "ಕಳ್ಳತನ ಏನಲ್ವಲ್ಲ ಮೇಡಂ, ಹಾಕಿ" ಎಂದರು. ಮಕ್ಕಳನ್ನು ಯಾರೂ ಕೇಳಲಿಲ್ಲ. ಓದುವವರು ಹೆಚ್ಚಿದಷ್ಟೂ ದುಡ್ಡು ಹೆಚ್ಚೆಂದು, ಹೆಚ್ಚು ಜನ ಓದಿದ್ದನ್ನು ಮೇಲಿಡುವುದು ರೂಢಿಯಾಯಿತು. ಬೆಕ್ಕಿನ ಮರಿ, ಸೈಕಲ್ ಕಲಿತದ್ದು ಕೆಳಗಿಳಿದವು. ಮನೆಯ ಜಗಳ, ಅಜ್ಜನ ಸಾವು ಮೇಲೇರಿದವು. ಅಂಥವುಗಳ ಅಂಚಿನಲ್ಲಿ "ಇನ್ನೂ ವಿವರವಾಗಿ ಬರೆ" ಎಂದು ಕೆಂಪು ಶಾಯಿಯಲ್ಲಿ ಗೀಚುತ್ತಿದ್ದೆ. ಎಲ್ಲ ಭಾಷೆ ಸುಧಾರಿಸಲೆಂದೇ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ಗುಬ್ಬಿ ತನ್ನ ಅಮ್ಮ ತೀರಿಹೋದ ದಿನದ ಬಗ್ಗೆ ಬರೆದಳಲ್ಲ, ಅಪ್ಪ ಬರಲೇ ಇಲ್ಲ ಎಂದು? ಅದನ್ನೂ ಎರಡು ಸಲ ವಾಪಸು ಕೊಟ್ಟು ಬೆಳೆಸಿದೆ. ಸಾವಿರಾರು ಜನ ಓದಿದರು. ಡಿಸೆಂಬರಿನಲ್ಲಿ ಒಂದು ದಿನ ಕಂಪ್ಯೂಟರ್ ಕೋಣೆಯಲ್ಲಿ ಅವಳು ತನ್ನ ಪುಟ ತೆರೆದಾಗ ಅಮ್ಮನ ಕೊನೆಯ ಮಾತಿನ ಕೆಳಗೇ ಜೀವವಿಮೆಯ ಜಾಹೀರಾತಿತ್ತು, ನಗುವ ಸಂಸಾರದ ಚಿತ್ರ. ಅವಳು ಅಳಲಿಲ್ಲ. "ಅತ್ತೆ, ಅಮ್ಮ ಸತ್ತಿದ್ದಕ್ಕೆ ಎಷ್ಟು ಪುಸ್ತಕ ಬಂತು?" ಎಂದು ಕೇಳಿದಳು. ಅಂದಿನಿಂದ ಹೊಸ ಪುಸ್ತಕಗಳನ್ನು ಅವಳು ಮುಟ್ಟುವುದಿಲ್ಲ. ನನ್ನೊಡನೆ ಬೇಕಾದಷ್ಟೇ ಮಾತು. ನಿನ್ನೆ ಜಾಹೀರಾತನ್ನೆಲ್ಲ ತೆಗೆಸಿದೆ. ಆದರೆ ಯಾರ್ಯಾರೋ ಆ ಬರಹವನ್ನು ತಮ್ಮ ಪುಟಗಳಿಗೆ ಎತ್ತಿಕೊಂಡಿದ್ದಾರೆ, ಅದನ್ನು ಅಳಿಸುವುದು ನನ್ನಿಂದಾಗದು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಬಂದ ಬುದ್ಧಿಯನ್ನು ಇಟ್ಟುಕೊಂಡು ನಾನೇನು ಮಾಡಲಿ, ಹೇಳು.

ಕಣ್ಣು ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ನೀರಿನ ಮೇಲೆ ಕಾಯಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಹೇಳಲಾಗದೆ ಉಳಿದದ್ದು. ಜನವರಿಯಿಂದ ಬ್ಲಾಗಿನಲ್ಲಿ ಗುಬ್ಬಿಯ ಹೆಸರಿನಲ್ಲಿ "ಅಪ್ಪನಿಗೆ" ಎಂದು ಬಂದ ಮೂರು ಬರಹಗಳನ್ನು ನೀನು ಓದಿ, ಮಗಳು ಕ್ಷಮಿಸಿದಳಕ್ಕಾ ಎಂದು ಅತ್ತುಕೊಂಡು ಬರೆದಿದ್ದೆ. ಡಿಸೆಂಬರಿನ ಆ ದಿನದಿಂದ ಗುಬ್ಬಿ ಒಂದಕ್ಷರವೂ ಬರೆದಿಲ್ಲ. ಓದುವವರು ಕಡಿಮೆಯಾಗುತ್ತಿದ್ದರು ತಮ್ಮಾ, ಆ ಮೂರನ್ನೂ ಬರೆದವಳು ನಾನು.