ಎರಡು ಬಿಡಿ ಸೀಟಿನ ಗಾಡಿ

18 ಜೂನ್ 2006, ಭಾನುವಾರ. ಕಮಲಾಪುರ

ರಜೆ. ಆದರೂ ನಸುಕಿಗೇ ಎಚ್ಚರ. ಅಪ್ಪ ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಳ್ಳುವ ಸದ್ದು. ನಮ್ಮ ಮನೆಗೆ ಬೇರೆ ಅಲಾರಾಂ ಬೇಕಿಲ್ಲ. ಆಮೇಲೆ ಮೊದಲ ಬಸ್ಸು, ಬುಕ್ಕಸಾಗರ, ಹನುಮಪ್ಪನ ಪೂಜೆ.

ಮೊದಲೆಲ್ಲ ಸೈಕಲ್ಲು. ಮಡಿಯಲ್ಲೇ ಹೊರಟು, ಅಮ್ಮ ಮಡಿಯಲ್ಲಿ ಮಾಡಿದ ಅನ್ನದ ನೈವೇದ್ಯ ಹ್ಯಾಂಡಲ್ಲಿಗೆ ಕಟ್ಟಿಕೊಂಡು, ದಾರಿಯಲ್ಲಿ ಯಾರಿಗೂ ತಾಗದೆ ಗುಡಿ ಸೇರುತ್ತಿದ್ದರು. ಯುಗಾದಿ ಹೊತ್ತಿಗೆ ಅದಿರಿನ ಲಾರಿಯೊಂದು ಪಕ್ಕಕ್ಕೆ ಒತ್ತಿತು. ಸೈಕಲ್ ಕಾಲುವೆಗೆ, ಅಪ್ಪ ದಂಡೆಗೆ. ಮಂಡಿ ಹೋಯಿತು. ಇನ್ನು ಪೆಡಲ್ ತುಳಿಯಬೇಡಿ ಎಂದರು ಡಾಕ್ಟರು.

ಬಸ್ಸೆಂದರೆ ಎಲ್ಲರಿಗೂ ತಾಗುತ್ತದೆ. ಇಳಿದು ಮತ್ತೆ ಕಾಲುವೆ ಸ್ನಾನ. ಮೈಯನ್ನೇನೋ ತೊಳೆದುಕೊಳ್ಳಬಹುದು, ಮೈಲಿಗೆಯಾದ ಅನ್ನವನ್ನು ತೊಳೆಯಲಾಗುವುದಿಲ್ಲ. ಹಾಗಾಗಿ ಅಂದಿನಿಂದ ದೇವರಿಗೆ ಬರೀ ಬಾಳೆಹಣ್ಣು. ಹನುಮಪ್ಪನಿಗೆ ಅದರಿಂದ ಬೇಜಾರಿರಲಿಕ್ಕಿಲ್ಲ ಎಂದೆ. ಅಪ್ಪ ನಗಲಿಲ್ಲ.

19 ಜೂನ್, ಸೋಮ

ಡ್ಯೂಟಿ. ಗಾದಿಗನೂರು ವೇ ಬ್ರಿಡ್ಜ್. ಲಾರಿ ಹತ್ತುತ್ತದೆ, ತೂಕ, ಸ್ಲಿಪ್, ಮುಂದಿನದು. ಡಬ್ಬಿ ತೆರೆಯುವಷ್ಟರಲ್ಲಿ ಮೊಸರನ್ನದ ಮೇಲೂ ಕೆಂಪು ಧೂಳು. ಹೈವೇ ಜಾಮ್ ಆದಾಗ ಡ್ರೈವರುಗಳು ಕಂಪ್ಲಿ ರಸ್ತೆಗೆ ನುಗ್ಗುತ್ತಾರೆ. ಅಂದರೆ ನಾನು ತೂಕ ಮಾಡಿ ಕಳಿಸಿದ ಲಾರಿಗಳೇ ಅಪ್ಪನ ಬಸ್ಸಿಗೆ ಅಡ್ಡ. ಮನೆಯಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ. ಮನೆ ನಡೆಯುವುದೂ ಅದರಿಂದಲೇ.

23 ಜೂನ್, ಶುಕ್ರ. ಸಂಜೆ

ಬುಕ್ಕಸಾಗರದ ಕೊಟ್ರಬಸಪ್ಪ ಬಂದಿದ್ದರು. ಗುಡಿ ಕಮಿಟಿಯ ಹಿರಿಯರು. ಒಳ್ಳೆಯ ಮನುಷ್ಯ, ಅದಕ್ಕೇ ಕಾಫಿ ಮುಗಿಯುವವರೆಗೆ ವಿಷಯ ತೆಗೆಯಲಿಲ್ಲ. ಆ ಊರಲ್ಲಿ ನಾಟಿ ಹೊತ್ತಿಗೆ ತೀರ್ಥ ತಗೊಳ್ಳದೆ ಯಾರೂ ಗದ್ದೆಗೆ ಇಳಿಯುವುದಿಲ್ಲ. ಬಸ್ಸು ತಡವಾದರೆ ಹೆಣ್ಣುಮಕ್ಕಳೆಲ್ಲ ಸೀರೆ ಎತ್ತಿ ಕಟ್ಟಿಕೊಂಡು ಗುಡಿಕಟ್ಟೆ ಮೇಲೆ ಕೂತಿರಬೇಕು.

“ಆಚಾರ್ರೇ, ನಿಮ್ಮ ಮ್ಯಾಲ ಬ್ಯಾಸರಿಲ್ರಿ. ಆದ್ರ ಬಿಸ್ಲು ಏರಿದ ಮ್ಯಾಲ ಆಳು ಕೆಲ್ಸ ಮಾಡವಲ್ರು. ಶ್ರಾವಣದ ಮೊದಲ್ನೇ ಶನಿವಾರದಿಂದ ಪೂಜಿಗೆ ಕಂಪ್ಲಿಯವ್ರೊಬ್ರು ಬರ್ತೀನಿ ಅಂದಾರ. ಗುಡಿ ಹಿಂದಿನ ಖೋಲಿಯಾಗ ಇರ್ತಾರಂತ.”

“ಅಷ್ಟರೊಳಗ ನಾನು ಹೊತ್ತಿಗೆ ಸರಿಯಾಗಿ ಬರೋ ಹಂಗ ಆದ್ರ?” ಅಪ್ಪ ಕೇಳಿದರು.

“ನೀವು ಬಂದ್ರ ಬ್ಯಾರೆಯವ್ರು ಯಾಕ ಬೇಕ್ರಿ.”

ಅವರು ಹೋದ ಮೇಲೆ ಅಪ್ಪ ಊಟಕ್ಕೆ ಏಳಲಿಲ್ಲ. ಏಕಾದಶಿಯೂ ಅಲ್ಲ. ಅಮ್ಮ ಎರಡು ಸಲ ಕರೆದಳು.

24 ಜೂನ್, ಶನಿ

ಹೇಳಿಬಿಟ್ಟೆ. ಒಂದು ಹಳೇ ಬೈಕ್ ತಗೊಳ್ಳೋಣ, ಡ್ಯೂಟಿಗೆ ಹೋಗುವ ಮುಂಚೆ ನಾನೇ ಗುಡಿಗೆ ಬಿಡುತ್ತೇನೆ. ಅಪ್ಪನ ಮುಖ ಅರಳಿತು. ಆಮೇಲೆ ಬಾಡಿತು.

“ನಿನಗ ತಾಗ್ತದಲ್ಲೋ.”

“ನಾನೂ ಮಡಿಯುಟ್ಟು ಓಡಿಸ್ತೀನಿ.”

“ಸಂಧ್ಯಾವಂದನಿ ಬಿಟ್ಟು ಎಷ್ಟು ವರ್ಷ ಆತು? ಹಸಿ ಧೋತ್ರ ಸುತ್ತಿಕೊಂಡ ಕೂಡ್ಲೇ ಮಡಿ ಆಗ್ತದೇನು?”

ಸಿಟ್ಟು ಬಂತು. ಹುಟ್ಟಿದಾಗಿನಿಂದ ಬೆಳಗಿನ ಹೊತ್ತು ಅಪ್ಪ ನನ್ನಿಂದ ಒಂದು ಮಾರು ದೂರ. ಚಿಕ್ಕವನಿದ್ದಾಗ ಅದೊಂದು ಆಟ, ಬೇಕಂತಲೇ ಮುಟ್ಟಲು ಓಡುತ್ತಿದ್ದೆ. ಈಗ ಆಟ ಅನ್ನಿಸುವುದಿಲ್ಲ.

ದಾರಿ ತೋರಿಸಿದ್ದು ನನ್ನ ಹೆಂಡತಿ ಶ್ರೀಲಕ್ಷ್ಮೀ. ರಾಯಚೂರಲ್ಲಿ ಅವಳ ಸೋದರಮಾವನ ಹತ್ತಿರ ರಾಜದೂತ್ ಬೈಕ್ ಇತ್ತಂತೆ. ಓಡಿಸುವವನಿಗೆ ಒಂದು ಸೀಟು, ಹಿಂದಿನವರಿಗೆ ಇನ್ನೊಂದು, ನಡುವೆ ಜಾಗ. ಅದನ್ನು ಎಂದೋ ಮಾರಿದ್ದಾರೆ. ಆದರೆ ಅಂಥದ್ದು ಇನ್ನೊಂದು ಇರಬಹುದಲ್ಲ? ಅಪ್ಪ ಬಹಳ ಹೊತ್ತು ಯೋಚಿಸಿದರು. “ಲೋಹಕ್ಕ ಮೈಲಿಗಿ ಇಲ್ಲ. ಸೀಟಿನ ಮ್ಯಾಲ ಧಾಬಳಿ ಹಾಸಿಕೊಂಡ್ರ ಆದೀತು.” ಧಾಬಳಿ ಎಂದರೆ ಅವರ ಮಡಿಯ ಉಣ್ಣೆವಸ್ತ್ರ. ನನಗೆ ತಾಗದ ಗಾಡಿಯಾದರೆ ಆಗುತ್ತದೆ, ಅಷ್ಟೇ ಮಾತು. ಹುಡುಕುವವನೂ ನಾನೇ.

26 ಜೂನ್, ಸೋಮ

ಹೊಸಪೇಟೆಯಲ್ಲಿ ಮೆಕ್ಯಾನಿಕ್ ಮಲ್ಲೇಶನ ಅಂಗಡಿ. ಕೇಳಿ ಸ್ಪ್ಯಾನರ್ ಕೆಳಗಿಟ್ಟು ನಕ್ಕ.

“ಸರ, ಊರಿಗೂರೇ ಮೈನ್ಸ್ ರೊಕ್ಕದಾಗ ಹೊಸಾ ಗಾಡಿ ತಗೊಂಡೈತಿ. ರಾಜದೂತೆಲ್ಲ ಗುಜರಿಗೆ ಹೋದ್ವು. ಉಳಿದಿದ್ರೂ ಹಾಲಿನವ್ರು ಹಿಂದಿನ ಸೀಟು ಬಿಚ್ಚಿ ಕ್ಯಾನ್ ಕಟ್ಟಿರ್ತಾರ.”

“ಈಗಿನ ಗಾಡಿಗೇ ಎರಡು ಸೀಟು ಮಾಡಿಕೊಡಾಕ ಆಗಂಗಿಲ್ಲೇನು?”

“ಮಾಡಬೌದು. ಆಚಾರ್ರು ಬಿದ್ರ ನನ್ನ ಹೆಸ್ರು ಹೇಳಬ್ಯಾಡ್ರಿ ಮತ್ತ.”

ಬೇಡ ಎಂದೆ. ಕೊನೆಗೊಂದು ಬುದ್ಧಿ ಹೇಳಿದ. ಈ ಕಡೆ ಗಾಡಿ ನೋಡಬೇಡಿ, ಎಲ್ಲ ಅದಿರಿನ ಧೂಳು ಕುಡಿದ ಇಂಜಿನ್. ದೂರದ್ದು ನೋಡಿ.

2 ಜುಲೈ, ಭಾನು. ಸಂಡೂರು

ಕೇಳಲಿಲ್ಲ, ಹತ್ತಿರದ್ದೇ ನೋಡಿದೆ. ಒಬ್ಬ ಕಂಟ್ರಾಕ್ಟರನ ಶೆಡ್ಡು. ಹೊರಗೆ ಎರಡು ಹೊಸ ಸ್ಕಾರ್ಪಿಯೋ, ಒಳಗೆ ರಾಜದೂತ್, ಮೇಲೆ ಕೋಳಿ ಕೂತಿತ್ತು. ಸೀಟು ಎರಡೂ ಇವೆ… ಖುಷಿಯಾಯಿತು. ಏರ್ ಫಿಲ್ಟರ್ ಬಿಚ್ಚಿದರೆ ಕುಂಕುಮದ ಭರಣಿ. ಕಿಕ್ಕರ್ ಒತ್ತಿದರೆ ಕಿಕ್ಕರೇ ವಾಪಸ್ ಬರಲಿಲ್ಲ. ಮಲ್ಲೇಶನಿಗೆ ಹೇಳಲಿಲ್ಲ.

9 ಜುಲೈ, ಭಾನು. ಆದೋನಿ. ಸ್ಟೇಷನ್ನಿನಲ್ಲಿ ಬರೆಯುತ್ತಿದ್ದೇನೆ

ಗುಂತಕಲ್ಲಿನಲ್ಲಿ ಟ್ರೇನು ಬದಲಿಸಿ ಬಂದೆ. ಗಾಡಿ ಮಸ್ತ್. ಒಂದೇ ಕಿಕ್ಕಿಗೆ ಸ್ಟಾರ್ಟು. ಸೀಟಿನ ನಡುವೆ ಬೇಕಾದಷ್ಟು ಜಾಗ. ಓನರ್ ಯಾರು ಎಂದರೆ ಮನೆಯವರು ಗೋಡೆ ಮೇಲಿನ ಫೋಟೋ ತೋರಿಸಿದರು. ಹಾರ ಹಾಕಿತ್ತು. ಆರ್‌ಸಿ ಇನ್ನೂ ಅವರ ಹೆಸರಲ್ಲೇ, ಟ್ರಾನ್ಸ್‌ಫರ್ ಆಗಿಲ್ಲ, ಆಂಧ್ರದಿಂದ ಎನ್‌ಒಸಿ ತರಬೇಕು, ಮಕ್ಕಳಲ್ಲಿ ಜಗಳ. “ಏಂ ಕಾದು ಸಾರ್, ಏನೂ ಆಗಂಗಿಲ್ಲ, ತಗೊಂಡು ಹೋಗ್ರಿ,” ಅಂದ ಚಿಕ್ಕ ಮಗ. ಕಣ್ಣುಮುಚ್ಚಿ ತಂದುಬಿಡೋಣ ಅಂತಲೂ ಅನ್ನಿಸಿತು. ತರಲಿಲ್ಲ. ದೇವರ ಕೆಲಸಕ್ಕೆ ಪೊಲೀಸರು ಹಿಡಿಯುವ ಗಾಡಿ ಬೇಡ.

ಮನೆಗೆ ಹೋಗಿ ಏನು ಹೇಳುವುದು? ಅಪ್ಪ ಕೇಳುವುದೂ ಇಲ್ಲ. ಬಾಗಿಲಿಗೆ ಬಂದು ನನ್ನ ಹಿಂದೆ ಗಾಡಿ ಇದೆಯೇ ನೋಡಿ ಒಳಗೆ ಹೋಗುತ್ತಾರೆ.

16 ಜುಲೈ, ಭಾನು

ಗದಗಕ್ಕೆ ಹೋಗಿ ಬಂದೆ. ಬರೆಯುವಂಥದ್ದೇನಿಲ್ಲ.

19 ಜುಲೈ, ಬುಧ

ಮಲ್ಲೇಶನ ಫೋನು, ವೇ ಬ್ರಿಡ್ಜ್ ಆಫೀಸಿಗೆ. ಜಮಖಂಡಿಯಲ್ಲಿ ಒಂದಿದೆಯಂತೆ, ಅವನ ಪರಿಚಯದ ಲಾರಿ ಡ್ರೈವರ್ ಕಣ್ಣಾರೆ ಕಂಡಿದ್ದಾನೆ. ದನದ ದವಾಖಾನೆಯ ರಿಟೈರ್ಡ್ ಕಂಪೌಂಡರದ್ದು. ಸೂಪರ್‌ವೈಸರ್ ರಜೆ ಕೊಡುವುದಿಲ್ಲ ಎಂದ. ನಾನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ ಎಂದೆ. ಇಷ್ಟು ಧೈರ್ಯ ಎಲ್ಲಿಂದ ಬಂತೋ.

22 ಜುಲೈ, ಶನಿ. ಜಮಖಂಡಿ

ದಿನವಿಡೀ ಬಸ್ಸು. ಕುಷ್ಟಗಿ, ಇಳಕಲ್ಲು, ಬಾಗಲಕೋಟೆ. ಸೊಂಟ ನನ್ನದಲ್ಲ.

ಗಾಡಿ ಇದೆ. ಎರಡೂ ಸೀಟಿವೆ. ಫಿಲ್ಟರ್ ಸ್ವಚ್ಛ. ಪೇಪರ್ ಪಕ್ಕಾ. ಮುದುಕರು ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಆರ್‌ಸಿ ಪಕ್ಕ ಹಿಡಿದು ತೋರಿಸಿದರು. ಆದರೆ ಕೊಡಲು ಮನಸ್ಸಿಲ್ಲ.

“ಬಿಚ್ಚಿ ಸ್ಪೇರ್ ಮಾರಾವ್ರು ಭಾಳ ಮಂದಿ ಬರ್ತಾರ. ನಿಮಗ್ಯಾಕ ಬೇಕು, ಖರೇ ಹೇಳ್ರಿ.”

ಖರೇ ಹೇಳಿದೆ. ಮಡಿ, ನೈವೇದ್ಯ, ನಾಟಿ, ಕಂಪ್ಲಿಯ ಪೂಜಾರಿ ಎಲ್ಲ. ಹೇಳುವಾಗ ನನಗೇ ನಾಚಿಕೆಯಾಯಿತು. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ.

“ಅಂದ್ರ ದಿನಾ ಒಂದ್ ಊರಿಂದ ಇನ್ನೊಂದ್ ಊರಿಗಿ ಹೋಗ್ತೈತಿ. ಹೋಗ್ಲಿ. ನನ್ನ ಅಂಗಳದಾಗ ನಿಂತು ನಿಂತು ಅದಕ್ಕೂ ಬ್ಯಾಸರ ಆಗೈತಿ.”

ಪೆಟ್ರೋಲಿಗೆ ಆಯಿಲ್ ಎಷ್ಟು ಕಲೆಸಬೇಕು ಎಂದು ಮೂರು ಸಲ ಹೇಳಿಕೊಟ್ಟರು. ಇವತ್ತು ಇಲ್ಲೇ ಊಟ, ಇಲ್ಲೇ ವಸ್ತಿ. ಜೋಳದ ರೊಟ್ಟಿ, ಕೆಂಪುಚಟ್ನಿ. ಯಾರ ಮನೆ, ಯಾರ ಕೈಯ ಅಡುಗೆ ಎಂದು ಅಪ್ಪ ಕೇಳದಿದ್ದರೆ ಸಾಕು.

23 ಜುಲೈ, ಭಾನು. ಕುಷ್ಟಗಿ

ಪ್ಲಗ್ಗಿನಲ್ಲಿ ಮಸಿ. ಮೂರು ಕಡೆ ನಿಂತಿತು. ಡಾಬಾ ಮುಂದೆ ಪ್ಲಗ್ ಬಿಚ್ಚಿ ಬ್ಲೇಡಿನಿಂದ ಕೆರೆದೆ. ಕೈಯೆಲ್ಲ ಕಪ್ಪು. ಆದರೂ ಹೇಳಲೇಬೇಕು, ಇಳಕಲ್ಲಿನಿಂದ ಈಚೆ ಖಾಲಿ ರಸ್ತೆಯಲ್ಲಿ ಅದು ಡಬ ಡಬ ಅಂತ ಓಡಿದಾಗ ಭಾರಿ ಸಂತೋಷವಾಯಿತು. ಹಿಂದಿನ ಸೀಟು ಖಾಲಿ, ತಿರುಗಿ ತಿರುಗಿ ನೋಡಿದೆ.

24 ಜುಲೈ, ಸೋಮ. ಮನೆ

ಅಪ್ಪ ಬಾಗಿಲಿಗೆ ಬಂದರು. ಈ ಸಲ ಒಳಗೆ ಹೋಗಲಿಲ್ಲ. ಸೀಟಿನ ನಡುವಿನ ಜಾಗ ಗೇಣಿನಿಂದ ಅಳೆದರು. “ಸಾಕು,” ಅಂದರು. ನನಗಲ್ಲ, ಗಾಡಿಗೆ.

28 ಜುಲೈ, ಶುಕ್ರ

ಟ್ರಯಲ್. ನೈವೇದ್ಯ ಇಲ್ಲದೆ, ಬರೀ ಅಪ್ಪ. ಮಂಡಿ ನೋವಿಗೆ ಹತ್ತಲು ಸ್ಟೂಲು. ಧಾಬಳಿ ಹಾಸಿ ಕೂತು ಸೀಟಿನ ಹಿಂದಿನ ಕಂಬಿ ಎರಡೂ ಕೈಯಲ್ಲಿ ಹಿಡಿದರು. ರಸ್ತೆ ಖಾಲಿ. ಹೊತ್ತಿಗೆ ಮುಂಚೆಯೇ ಗುಡಿ. ಎಲ್ಲೂ ತಾಗಲಿಲ್ಲ. ಅಷ್ಟು ದೂರ ತಿರುಗಿದ್ದು ಸಾರ್ಥಕ ಎಂದುಕೊಂಡೆ. ಜೊತೆಗೆ ಸ್ವಲ್ಪ ಬೇಸರವೂ ಆಯಿತು, ಯಾಕೆಂದು ಹೇಳಲು ಬರುವುದಿಲ್ಲ.

29 ಜುಲೈ, ಶನಿ. ಶ್ರಾವಣದ ಮೊದಲ ಶನಿವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಅಮ್ಮ ಕತ್ತಲಲ್ಲೇ ಎದ್ದು ಅನ್ನ ಮಾಡಿದ್ದಳು. ಹಿತ್ತಾಳೆ ಪಾತ್ರೆ ಅಪ್ಪನ ತೊಡೆ ಮೇಲೆ. ಒಂದು ಕೈ ಪಾತ್ರೆಗೆ, ಒಂದು ಕಂಬಿಗೆ. ಆಗಲೇ ಹೊಳೆಯಿತು. ಜಾಗ ಅಳೆದೆವು, ಸೀಟು ಹುಡುಕಿದೆವು, ಕೈ ಎಷ್ಟಿವೆ ಎಂದು ಯಾರೂ ಯೋಚಿಸಿರಲಿಲ್ಲ. ನಾಲ್ಕು ಜನರ ಮನೆಯಲ್ಲಿ ಒಬ್ಬರೂ.

ಅರ್ಧ ದಾರಿಯಲ್ಲಿ ಜಾಮ್. ಲಾರಿ ಹಿಂದೆ ಲಾರಿ, ಡ್ರೈವರುಗಳು ಕೆಳಗಿಳಿದು ಬೀಡಿ ಸೇದುತ್ತಿದ್ದಾರೆ. ಕಾಯ್ದರೆ ಮುಗಿಯಿತು, ಕಂಪ್ಲಿಯವರು ಗುಡಿಯಲ್ಲೇ ಇದ್ದಾರೆ. ಗಾಡಿಯನ್ನು ಕಾಲುವೆ ಏರಿಗೆ ಇಳಿಸಿದೆ. ಮಳೆಗೆ ಕೆಸರು. ಒಂದು ಕಡೆ ನೀರು, ಒಂದು ಕಡೆ ನಾಟಿ ಗದ್ದೆ. ಒಂದು ತಿರುವಿನಲ್ಲಿ ಹಿಂದಿನ ಗಾಲಿ ಜಾರಿತು. ಅಪ್ಪ ಕಂಬಿ ಬಿಟ್ಟು ನನ್ನ ಭುಜ ಹಿಡಿದರು. ಗಟ್ಟಿಯಾಗಿ.

ಗಾಡಿ ನಿಲ್ಲಿಸಿದೆ. ತಿರುಗಿ ನೋಡುವ ಧೈರ್ಯ ಆಗಲಿಲ್ಲ. ಎಲ್ಲ ಮುಗಿಯಿತು ಅಂದುಕೊಂಡೆ. ಇಷ್ಟು ದೂರ ಬಂದ ಅನ್ನ ಕಾಲುವೆಗೆ.

“ಯಾಕ ನಿಂತಿ?”

“ತಾಗಿತಲ್ಲ, ಅಪ್ಪಾ.”

ಇಂಜಿನ್ ಮಾತ್ರ ಡಬ ಡಬ.

“ಅನ್ನ ಚೆಲ್ಲಿಲ್ಲ. ನಡಿ, ಮಂದಿ ಕಾಯ್ತಿರ್ತಾರ.”

ಕೈ ತೆಗೆಯಲಿಲ್ಲ. ಗುಡಿ ಬರುವವರೆಗೂ ತೆಗೆಯಲಿಲ್ಲ. ಗಾಳಿಗೋ ಏನೋ, ನನ್ನ ಕಣ್ಣು ಒದ್ದೆ.

ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಕಟ್ಟೆ ತುಂಬ ಜನ. ಅಪ್ಪ ಕಾಲುವೆ ಕಡೆ ಒಮ್ಮೆ ನೋಡಿದರು, ಸ್ನಾನಕ್ಕೆ ಇಳಿಯುತ್ತಾರೆ ಅಂದುಕೊಂಡೆ. ಪಾತ್ರೆ ಹಿಡಿದು ನೇರ ಒಳಗೆ ಹೋದರು. ಕೊಟ್ರಬಸಪ್ಪ ಹೇಳಿದರು, “ಕಂಪ್ಲಿಯವ್ರಿಗೆ ಪ್ರಸಾದ ತಿಂದು ಹೊಂಡ್ರಿ ಅಂತೀನಿ.” ತೀರ್ಥ ತಗೊಂಡು ಹೆಣ್ಣುಮಕ್ಕಳು ಗದ್ದೆಗೆ ಇಳಿದರು. ನಾನು ಡ್ಯೂಟಿಗೆ ಲೇಟು. ಸೂಪರ್‌ವೈಸರ್ ಬೈದ, ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆ ಅಮ್ಮ ಕೇಳಿದಳು, “ದಾರಿಯೊಳಗ ಇವಗ ತಾಗಲಿಲ್ಲಷ್ಟೇ?”

“ತಾಗ್ತು,” ಅಂದರು ಅಪ್ಪ. “ಹನುಮಪ್ಪ ಸ್ವತಃ ಸ್ವಾಮಿನ್ನ ಹೆಗಲ ಮ್ಯಾಲ ಹೊತ್ತಾಂವ. ಹೆಗಲು ಹಿಡದದ್ದಕ್ಕ ಅಂವಾ ಸಿಟ್ಟಾಗೂದಿಲ್ಲ.” ಅಮ್ಮ ದೀಪ ಹಚ್ಚಲು ಹೋದಳು.

30 ಜುಲೈ, ಭಾನು

ಇವತ್ತು ಜಾಮ್ ಇಲ್ಲ. ಲಾರಿಯೇ ಇಲ್ಲ. ರಸ್ತೆ ಸಪಾಟು. ಅಪ್ಪ ಧಾಬಳಿ ಹಾಸಿದರು, ಕೂತರು, ಪಾತ್ರೆ ತೊಡೆ ಮೇಲಿಟ್ಟುಕೊಂಡರು. ನಾನು ಕಿಕ್ ಹೊಡೆಯುವ ಮೊದಲೇ ಅವರ ಕೈ ನನ್ನ ಭುಜದ ಮೇಲಿತ್ತು. ಯಾಕೆ ಅಂತ ಕೇಳೋಣ ಅನ್ನಿಸಿತು. ಕೇಳಿದರೆ ಎಲ್ಲಿ ತೆಗೆದುಬಿಡುತ್ತಾರೋ ಅಂತ—